ಶೆಟ್ಟರಂಗ್ಡಿ ಕರಿಯ

ಮೂವತ್ತೆರಡು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನಗೆ, ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ‘ತಾತ, ನಿಂಗೆ ಓದಕ್ಕೇ ಬರಲ್ಲ’ ಅಂದಿದ್ದು ಹೋದ ಡಿಸೆಂಬರಿನಲ್ಲಿ. ಆಕ್ಲೆಂಡಿನಿಂದ ಮಗಳು, ಅಳಿಯ, ಮೊಮ್ಮಗಳು ಬಂದಿದ್ದರು. ಅಲ್ಲಿ ಅದು ಬೇಸಿಗೆ ರಜೆ, ಇಲ್ಲಿ ಮೈಸೂರಿನಲ್ಲಿ ಸೊಗಡಿನ ಅವರೆಕಾಯಿ ಕಾಲ. ಹುಡುಗಿಯ ಕೈಚೀಲದಲ್ಲಿ ಬಟ್ಟೆಗಿಂತ ಮೊದಲು ಹೊರಬಂದದ್ದು ಒಂದು ತೆಳ್ಳನೆಯ ಪುಸ್ತಕ. ಮೂಲೆಗಳು ಸವೆದಿದ್ದವು, ಒಂದು ಪುಟಕ್ಕೆ ಟೇಪು ಹಚ್ಚಿತ್ತು, ಇನ್ನೊಂದರ ಮೇಲೆ ಯಾವುದೋ ಹಣ್ಣಿನ ರಸ ಒಣಗಿತ್ತು. ಮುಖಪುಟದಲ್ಲಿ ಕೆದರಿದ ಕೂದಲಿನ ಒಂದು ಕರಿ ನಾಯಿ, ಯಾರ ಅಪ್ಪಣೆಗೂ ಕಾಯದ ಗತ್ತಿನಲ್ಲಿ ಬಾಲ ಎತ್ತಿಕೊಂಡು ಹೊರಟಿದೆ.

ನ್ಯೂಜಿಲೆಂಡಿನಲ್ಲಿ ಮಕ್ಕಳಿರುವ ಮನೆಗಳವರಿಗೆ ಇಷ್ಟು ಹೇಳಿದರೆ ಸಾಕು, ಪುಸ್ತಕ ಯಾವುದೆಂದು ಗೊತ್ತಾಗುತ್ತದೆ. ಲಿನ್ಲಿ ಡಾಡ್ ಎಂಬ ಹೆಂಗಸು ತಾನೇ ಬರೆದು ತಾನೇ ಚಿತ್ರ ಬಿಡಿಸಿದ ‘ಹೇರಿ ಮಕ್ಲೇರಿ ಫ್ರಮ್ ಡೊನಾಲ್ಡ್‌ಸನ್ಸ್ ಡೇರಿ’. ಮೊದಲು ಅಚ್ಚಾದದ್ದು 1983ರಲ್ಲಿ, ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡದು. ಆಕೆಯೂ ಒಂದು ಕಾಲಕ್ಕೆ ಚಿತ್ರಕಲೆಯ ಮೇಷ್ಟ್ರಾಗಿದ್ದವರಂತೆ. ಅದನ್ನು ಕೇಳಿದಾಗ ನನಗೆ ಸ್ವಲ್ಪ ಬಂಧುತ್ವ ಹುಟ್ಟಿತು ಅಂತಲೇ ಇಟ್ಟುಕೊಳ್ಳಿ. ಆಮೇಲೆ ಆಕೆಗೆ ‘ಡೇಮ್’ ಬಿರುದು ಬಂತು. ಆಕೆಯ ನಾಯಿಗಳು ಮತ್ತು ಆ ನಾಯಿಗಳನ್ನು ಓಡಿಸುವ ಬೆಕ್ಕು 2015ರಲ್ಲಿ ಟೌರಂಗ ಎಂಬ ಊರಿನ ನೀರಂಚಿನಲ್ಲಿ ಕಂಚಿನ ಪ್ರತಿಮೆಗಳಾಗಿ ನಿಂತವು. ಮೊಮ್ಮಗಳು ಅದರಲ್ಲೊಂದು ನಾಯಿಯ ಕುತ್ತಿಗೆ ತಬ್ಬಿಕೊಂಡಿರುವ ಫೋಟೋ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ನಮ್ಮಲ್ಲಿ ಕಂಚಿನ ಪ್ರತಿಮೆ ಆಗಬೇಕಾದರೆ ಮನುಷ್ಯರೇ ಎಷ್ಟು ಕಷ್ಟಪಡಬೇಕು ನೋಡಿ.

ಕಥೆ ಅನ್ನುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಕರಿ ನಾಯಿ ಗೇಟು ದಾಟಿ ತಿರುಗಾಡಲು ಹೊರಡುತ್ತದೆ. ದಾರಿಯಲ್ಲಿ ಒಂದೊಂದೇ ನಾಯಿ ಸೇರಿಕೊಳ್ಳುತ್ತದೆ. ಕುದುರೆಯಷ್ಟು ಎತ್ತರದ್ದು, ಮೈತುಂಬ ಚುಕ್ಕೆಯದ್ದು, ಹುಲ್ಲಿನ ಕಂತೆಯಂಥದ್ದು, ಬರೀ ಎಲುಬಿನದ್ದು, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡದ್ದು. ಪ್ರತಿ ಸಲವೂ ಹೊಸಬನ ಹೆಸರು ಸೇರಿಸಿ ಹಳಬರ ಪಟ್ಟಿಯನ್ನು ಮತ್ತೆ ಹೇಳಬೇಕು. ಕೊನೆಗೆ ಒಂದು ಪುಂಡ ಗಡವ ಬೆಕ್ಕು ಎದುರಾಗುತ್ತದೆ, ಅದು ಒಂದು ಸಲ ಅರಚಿದ್ದೇ ತಡ ಇಷ್ಟೂ ವೀರರು ದಿಕ್ಕಾಪಾಲು. ನಮ್ಮ ಕರಿಯ ಓಡಿದವನು ಮನೆ ಸೇರಿ ಹಾಸಿಗೆಯಲ್ಲಿ ಮುದುಡುತ್ತಾನೆ. ಮುಗಿಯಿತು. ಯಾರೂ ಬುದ್ಧಿ ಕಲಿಯುವುದಿಲ್ಲ, ಯಾರೂ ಬುದ್ಧಿ ಹೇಳುವುದಿಲ್ಲ.

ಹುಡುಗಿಯ ಆಕ್ಷೇಪ ಇದ್ದದ್ದು ನನ್ನ ಇಂಗ್ಲಿಷ್ ಉಚ್ಚಾರದ ಬಗ್ಗೆ ಅಂತ ನಾನು ಮೊದಲು ತಿಳಿದಿದ್ದೆ. ಅದಲ್ಲ. ನಾನು ಅರ್ಥ ನೋಡಿಕೊಂಡು, ಅಲ್ಪವಿರಾಮ ಇದ್ದಲ್ಲಿ ನಿಲ್ಲಿಸಿ, ಪಾಠದಂತೆ ಓದುತ್ತಿದ್ದೆ. ಅವಳು ನನ್ನ ತೊಡೆಯ ಮೇಲೆ ಕೈ ಬಡಿದು ಲಯ ತೋರಿಸಿದಳು. ಒಂದು ಬಲವಾದ ಪೆಟ್ಟು, ಹಿಂದೆ ಎರಡು ಹಗುರ ಪೆಟ್ಟು. ಧಿಂ ತಕ ಧಿಂ ತಕ. ನಾಯಿ ಸಣ್ಣ ಓಟದಲ್ಲಿ ಹೋಗುವಾಗ ನಾಲ್ಕು ಕಾಲೂ ಸೇರಿ ಮಾಡುವ ಸದ್ದು ಅದು. ಅಕ್ಷರ ಬಾರದ ಹುಡುಗಿ ಪ್ರತಿ ಸಾಲಿನ ಕೊನೆಯ ಪದವನ್ನು ನನಗಿಂತ ಮುಂಚೆ ಕೂಗುತ್ತಿದ್ದಳು. ನಾಯಿಯ ಹೆಸರು ಕೇಳಿದರೆ ಅದರ ಮೈ ಹೇಗಿದೆ ಅಂತ ಪ್ರಾಸವೇ ಅವಳಿಗೆ ಹೇಳಿಬಿಡುತ್ತಿತ್ತು. ಓದು ಬರುವುದಕ್ಕೆ ಮುಂಚೆಯೇ ಓದುವ ಸುಖ ಹಾಗೆ ಸಿಕ್ಕುತ್ತದೆ ಅಂತ ನನಗೆ ಆ ರಾತ್ರಿಯವರೆಗೂ ತೋಚಿರಲಿಲ್ಲ. ಛಂದಸ್ಸು ಪಾಠ ಮಾಡಿದವನಿಗೆ ತೋಚಬೇಕಿತ್ತು.

ಡೇರಿ ಎಂದರೆ

ಮೂರನೇ ರಾತ್ರಿ ಅವಳ ಹುಕುಂ ಆಯಿತು: ‘ಕನ್ನಡದಲ್ಲಿ ಹೇಳು.’ ಅವಳ ಅಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬಾರದು ಅಂತ ಕಟ್ಟುನಿಟ್ಟು ಮಾಡಿದ್ದಾಳೆ, ಆದರೆ ನಾಯಿ ಮಾತ್ರ ಇಂಗ್ಲಿಷಿನಲ್ಲೇ ಓಡಾಡುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದೆ. ‘ಹಾಲಿನ ಡೇರಿಯ ಹತ್ತಿರ ಒಂದು ನಾಯಿ ಇತ್ತು…’

‘ಅಪ್ಪ, ಹಾಲಿನ ಡೇರಿ ಅಲ್ಲ ಅದು,’ ಅಂದಳು ಮಗಳು ಅಡುಗೆಮನೆಯಿಂದ. ಅವಳೂ ನನ್ನ ಹೆಂಡತಿಯೂ ಹಿತಕಿದ ಬೇಳೆಗೆ ಕೂತಿದ್ದರು. ನೆನೆಸಿದ ಅವರೆಕಾಳು ಬೆರಳ ಮಧ್ಯದಿಂದ ಪುಳಕ್ಕನೆ ಚಿಮ್ಮಿ ಪಾತ್ರೆಗೆ ಬೀಳುವ ಸದ್ದು ನಮ್ಮ ಕೋಣೆಗೂ ಕೇಳುತ್ತಿತ್ತು.

‘ಡೇರಿ ಅಂದ್ರೆ ಡೇರಿನೇ ಕಣೇ. ಹಾಲು ಹಾಕೋ ಜಾಗ.’

‘ಅಲ್ಲಪ್ಪ, ಅಲ್ಲಿ ಡೇರಿ ಅಂದ್ರೆ ಮೂಲೆ ಅಂಗಡಿ. ಬ್ರೆಡ್ಡು, ಪೇಪರ್ರು, ಚಾಕೊಲೇಟು, ಐಸ್‌ಕ್ರೀಮು ಎಲ್ಲ ಸಿಗೋ ಚಿಲ್ಲರೆ ಅಂಗಡಿ. ನಮ್ಮ ಬೀದಿ ಡೇರಿ ಇಟ್ಟಿರೋರು ಗುಜರಾತಿನೋರು.’

ನಾನು ಪುಸ್ತಕ ಮಡಿಚಿಟ್ಟೆ. ಎರಡು ದಿನದಿಂದ ನನ್ನ ತಲೆಯಲ್ಲಿ ಆ ನಾಯಿ ಹಾಲಿನ ಕ್ಯಾನುಗಳ ನಡುವೆ, ಸಹಕಾರ ಸಂಘದ ಸಾಲಿನ ಪಕ್ಕದಲ್ಲಿ ಓಡಾಡಿಕೊಂಡಿತ್ತು. ಈಗ ಅದು ಒಂದೇ ನೆಗೆತಕ್ಕೆ ಅಲ್ಲಿಂದ ಹಾರಿ, ಹಾಸನ ಜಿಲ್ಲೆಯ ನಮ್ಮೂರಿನ ಪೇಟೆಬೀದಿಯಲ್ಲಿ, ಶೆಟ್ಟರ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಿತು. ಅದು ನನಗೆ ಗೊತ್ತಿದ್ದ ನಾಯಿ. ಶೆಟ್ಟರ ಅಂಗಡಿ ಕರಿಯ.

ನಮ್ಮ ಕಡೆ ಮನುಷ್ಯರಿಗೂ ಹೆಸರು ಇಡುವುದು ಹೀಗೇ ತಾನೆ. ಮೂಲೆಮನೆ ಸುಬ್ಬಣ್ಣ, ಬಾವಿಕಟ್ಟೆ ಸೀತಮ್ಮ, ಗಿರಣಿ ರಾಮಯ್ಯ. ಬರೀ ಹೆಸರು ಸಾಲದು, ವಿಳಾಸ ಅಂಟಿರಬೇಕು. ಕರಿಯ ಶೆಟ್ಟರು ಸಾಕಿದ ನಾಯಿ ಅಲ್ಲ. ಶೆಟ್ಟರನ್ನು ಕೇಳಿದರೆ ‘ನಮ್ದಲ್ಲ ಕಣಪ್ಪ’ ಅಂತಲೇ ಹೇಳುತ್ತಿದ್ದರು. ಆದರೂ ಬೆಳಿಗ್ಗೆ ಬಾಗಿಲ ಹಲಗೆಗಳನ್ನು ಒಂದೊಂದೇ ತೆಗೆದು ಜೋಡಿಸುವಾಗ ಅದು ಅಲ್ಲಿರುತ್ತಿತ್ತು, ರಾತ್ರಿ ಹಲಗೆ ಹಾಕುವಾಗಲೂ ಅಲ್ಲಿರುತ್ತಿತ್ತು. ನಡುವೆ ಎಲ್ಲಿ ಹೋಗುತ್ತಿತ್ತು, ಏನು ಮಾಡುತ್ತಿತ್ತು ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ. ಬೆಲ್ಲದ ಅಚ್ಚಿನ ಮಂಕರಿಯ ಪಕ್ಕ ಅದಕ್ಕೊಂದು ಹರಕು ಗೋಣಿಚೀಲ ಇತ್ತು. ಅದು ಮಲಗಿ ಎದ್ದು ಹೋದ ಮೇಲೆ ಆ ಚೀಲದ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು, ಬೆಲ್ಲದ ವಾಸನೆಯೂ ನಾಯಿಯ ವಾಸನೆಯೂ ಬೆರೆತಿರುತ್ತಿತ್ತು.

ಕೆಲಸಕ್ಕೆ ಅರ್ಜಿ ಹಾಕಿದ ನಾಯಿಮರಿ

ಕನ್ನಡದ ಮಕ್ಕಳ ಪದ್ಯದಲ್ಲಿ ನಾಯಿ ಅಂದರೆ ನಮಗೆಲ್ಲ ಜಿ.ಪಿ. ರಾಜರತ್ನಂ ಅವರ ನಾಯಿಮರಿಯೇ. ನನಗೆ ಅದನ್ನು ನನ್ನಮ್ಮ ಹೇಳಿಕೊಟ್ಟಳು, ನನ್ನ ಮಗಳಿಗೆ ನಾನು ಹೇಳಿಕೊಟ್ಟೆ, ಅವಳು ಆಕ್ಲೆಂಡಿನಲ್ಲಿ ತನ್ನ ಮಗಳಿಗೆ ಹೇಳಿಕೊಟ್ಟಿದ್ದಾಳೆ. ಅದರ ಲಯದ ಬಗ್ಗೆ, ಪ್ರಶ್ನೋತ್ತರದ ಚಂದದ ಬಗ್ಗೆ ನಾನು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇನೆ. ಆದರೆ ಈ ನ್ಯೂಜಿಲೆಂಡಿನ ಪುಂಡನನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಿದಾಗ ಅದುವರೆಗೂ ಕಾಣದ್ದೊಂದು ಕಂಡಿತು. ನಮ್ಮ ನಾಯಿಮರಿಗೆ ತಿಂಡಿ ಸುಮ್ಮನೆ ಸಿಕ್ಕುವುದಿಲ್ಲ. ತಿಂಡಿ ಯಾಕೆ ಬೇಕು ಅಂತ ವಿಚಾರಣೆ ಆಗುತ್ತದೆ. ತಿಂದು ಗಟ್ಟಿಯಾಗಿ ಮನೆ ಕಾಯುತ್ತೇನೆ ಅಂತ ಅದು ಒಪ್ಪಿಕೊಳ್ಳಬೇಕು. ಕಳ್ಳ ಬಂದರೆ ಏನು ಮಾಡುತ್ತೀಯ ಅಂತ ಇನ್ನೊಂದು ಪ್ರಶ್ನೆ. ಅದಕ್ಕೂ ಸರಿಯಾದ ಉತ್ತರ ಬಂದ ಮೇಲೆ ಜಾಣಮರಿ ಅನ್ನಿಸಿಕೊಂಡು ತಿಂಡಿಗೆ ಅರ್ಹತೆ ಪಡೆಯುತ್ತದೆ. ಇದು ನೌಕರಿಯ ಸಂದರ್ಶನ! ಸಂಬಳ, ಕೆಲಸದ ವಿವರ, ಅಭ್ಯರ್ಥಿಯ ಯೋಗ್ಯತೆ ಎಲ್ಲ ಇದೆ, ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ.

ರಾಜರತ್ನಂ ಮೇಲೆ ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಷ್ಟು ಸಣ್ಣ ಪದ್ಯದಲ್ಲಿ ಅಷ್ಟು ಚುರುಕಾದ ಮಾತುಕತೆ ತಂದವರು ಇನ್ನೊಬ್ಬರಿಲ್ಲ. ಆ ನಾಯಿಮರಿ ಕೆಲಸ ಒಪ್ಪಿಕೊಳ್ಳುವ ಉತ್ಸಾಹದಲ್ಲೇ ಒಂದು ತುಂಟತನ ಇದೆ, ತಿಂಡಿಯ ಜೊತೆಗೆ ತೀರ್ಥವನ್ನೂ ಕೇಳುವ ಮರಿ ಅದು. ಅಲ್ಲದೆ ಅನ್ನ ಅಳೆದು ಹಾಕುತ್ತಿದ್ದ ಮನೆಗಳಲ್ಲಿ ಬೆಳೆದ ನಮಗೆ ಆ ಲೆಕ್ಕ ಸಹಜವಾಗಿಯೇ ಕೇಳಿತ್ತು. ಆದರೂ ನಮ್ಮ ಮಕ್ಕಳ ಸಾಹಿತ್ಯದ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಪುಣ್ಯಕೋಟಿಗೆ ಸತ್ಯ ಕಾಯುವ ಕೆಲಸ. ಮೊಲಕ್ಕೆ ಸಿಂಹವನ್ನು ಬಾವಿಗೆ ಕೆಡವುವ ಕೆಲಸ. ಆಮೆಗೆ ಬಾಯಿ ಮುಚ್ಚಿಕೊಂಡಿರುವ ಕೆಲಸ, ಅದು ಆಗದೆ ಸತ್ತೇಹೋಯಿತು. ಬೀದಿಯಲ್ಲಿ ಸುಮ್ಮನೆ ತಿರುಗಿ ಬಂದು ಮಲಗುವ ಪ್ರಾಣಿ ಒಂದೂ ನನ್ನ ನೆನಪಿಗೆ ಬರಲಿಲ್ಲ. ಕೆಲಸಕ್ಕೆ ಬಾರದ ನಾಯಿಗೆ ನಮ್ಮಲ್ಲಿ ಗಾದೆಗಳಲ್ಲಿ ಮಾತ್ರ ಜಾಗ, ಅದೂ ಬೈಯುವುದಕ್ಕೆ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ!

ಇದನ್ನು ಬರೆಯುವಾಗ ಒಂದು ಹಳೆಯ ಮಧ್ಯಾಹ್ನ ಎದುರಿಗೆ ಬಂದು ಕೂರುತ್ತದೆ. ನನಗೆ ಎಂಟೋ ಒಂಬತ್ತೋ ವರ್ಷ. ಬೇಸಿಗೆ ರಜ. ಅಜ್ಜಿ ಬೆಳಗಿನ ಜಾವ ಎದ್ದು, ಮಡಿಯಲ್ಲಿ, ಅಕ್ಕಿಹಿಟ್ಟಿನ ಸಂಡಿಗೆ ಕಾಯಿಸಿ, ಅಂಗಳದಲ್ಲಿ ತಾತನ ಹಳೆ ಪಂಚೆ ಹಾಸಿ, ಚಮಚದಲ್ಲಿ ಒಂದೊಂದೇ ಬಿಟ್ಟಿದ್ದಳು. ಬಿಳಿ ಪಂಚೆಯ ಮೇಲೆ ಬಿಳಿ ಚುಕ್ಕಿಗಳ ಸಾಲು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕಾಗೆ ಓಡಿಸುವುದಕ್ಕೆ ಕೈಯಲ್ಲೊಂದು ಕೋಲು ಕೊಟ್ಟು ನನ್ನನ್ನು ಜಗಲಿಯ ನೆರಳಲ್ಲಿ ಕೂರಿಸಿದ್ದಳು. ನಾನು ಕಂಬಕ್ಕೆ ಒರಗಿದೆ. ಕಣ್ಣು ಬಿಟ್ಟಾಗ ಕರಿಯ ಪಂಚೆಯ ಆ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಈ ತುದಿಯಿಂದ ಆ ತುದಿಯವರೆಗೆ, ಅಡ್ಡಡ್ಡ, ನಾಲ್ಕು ನಾಲ್ಕು ಬೆರಳಿನ ಗುರುತು. ಅರ್ಧ ಒಣಗಿದ್ದ ಸಂಡಿಗೆಯಲ್ಲಿ ಅಚ್ಚೊತ್ತಿದಂತೆ ಮೂಡಿತ್ತು. ಅವನು ಒಂದನ್ನೂ ತಿಂದಿರಲಿಲ್ಲ. ಹಾದಿಯಲ್ಲಿ ಪಂಚೆ ಇತ್ತು, ದಾಟಿ ಹೋಗಿದ್ದ, ಅಷ್ಟೇ. ಅಂಗಾಲಿಗೆ ಅಂಟಿದ ಹಿಟ್ಟನ್ನು ಒಂದು ಸಲ ನೆಕ್ಕಿ, ಉಪ್ಪು ಹೆಚ್ಚಾಗಿದೆ ಅನ್ನುವಂತೆ ತಲೆ ಕೊಡವಿ ಹೊರಟುಹೋದ.

ಅಜ್ಜಿ ಬಂದು ನೋಡಿದಳು. ‘ಕಾವಲಿಗೆ ಕೂತೋನು ನೀನೋ ಅದೋ?’ ಅಂದಳು. ಆಮೇಲೆ ಅವಳು ಮಾಡಿದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನಾಯಿ ತುಳಿದದ್ದು, ಮಡಿಯದ್ದು, ಇಡೀ ಪಂಚೆ ತಿಪ್ಪೆಗೆ ಹೋಗಬೇಕು. ಅಜ್ಜಿ ಅತ್ತ ಇತ್ತ ನೋಡಿದಳು. ಬೀದಿ ಬಾಗಿಲು ಮುಂದೆ ಮಾಡಿ ಬಂದಳು. ಕುಕ್ಕರುಗಾಲಲ್ಲಿ ಕೂತು ಹೆಜ್ಜೆ ಬಿದ್ದ ಸಂಡಿಗೆಗಳನ್ನು ಮಾತ್ರ ಒಂದೊಂದಾಗಿ ಎಬ್ಬಿಸಿ ಸೆರಗಿಗೆ ಹಾಕಿಕೊಂಡು ಹಿತ್ತಲ ಬಾಳೆಬುಡಕ್ಕೆ ಸುರಿದಳು. ಉಳಿದವು ಒಣಗಿ ಡಬ್ಬಿ ಸೇರಿದವು. ಆ ವರ್ಷ ಹಬ್ಬಕ್ಕೆ ಬಂದ ಪುರೋಹಿತರು ಸಂಡಿಗೆ ಇನ್ನೆರಡು ಹಾಕಿಸಿಕೊಂಡರು. ಅಜ್ಜಿ ನನ್ನನ್ನು ನೋಡಿದಳು, ನಾನು ಎಲೆ ನೋಡಿದೆ.

ಕಾಯುವ ಕೆಲಸ ಇದ್ದದ್ದು ನನಗೆ, ಕರಿಯನಿಗಲ್ಲ. ನಾಯಿಮರಿಯ ಪದ್ಯ ಬಾಯಿಪಾಠ ಇದ್ದ ಹುಡುಗನಿಗೆ ಅಂದು ಕಾವಲಿನಲ್ಲಿ ನಿದ್ದೆ ಬಂದಿತ್ತು.

ಅಕಾರ ನುಂಗಿದ ಮೇಲೆ

ಮತ್ತೆ ಹುಡುಗಿಯ ಹುಕುಂಗೆ ಬರುತ್ತೇನೆ. ಪುಸ್ತಕವನ್ನು ಅನುವಾದ ಮಾಡುವ ಆಸೆ ಬಿಟ್ಟು, ಶೆಟ್ಟರ ಅಂಗಡಿಯ ಕರಿಯನನ್ನೇ ಹೊರಡಿಸೋಣ ಅಂತ ಕೂತೆ. ಮೊದಲ ಪ್ರಯತ್ನ ನನಗೇ ನಾಚಿಕೆ ತರಿಸುವಂತಿತ್ತು. ನಾಯಿ ಗೇಟು ದಾಟಿ ಓಡಿತು, ಬೀದಿಯಲ್ಲಿ ಗೆಳೆಯರನ್ನು ನೋಡಿತು, ಎಲ್ಲ ಸೇರಿ ಕೂಗಿ ಹಾಡಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುವುದರಿಂದ ಅಂತ್ಯಪ್ರಾಸ ಕೇಳದೆಯೇ ಸಿಗುತ್ತದೆ, ಸಂತೆ ಮುಗಿಯುವ ಹೊತ್ತಿನ ಸೊಪ್ಪಿನ ಹಾಗೆ. ಇತು, ಇತು, ಇತು. ಇಂಗ್ಲಿಷಿನಲ್ಲಿ ಹೆಸರಿಗೆ ಪ್ರಾಸ ಹುಡುಕಬೇಕು, ಹುಡುಕಿದ್ದು ಸಿಕ್ಕಾಗ ನಗು ಬರುತ್ತದೆ. ಹೇರಿಗೆ ಮಕ್ಲೇರಿ, ಅದಕ್ಕೆ ಡೇರಿ. ನನ್ನ ‘ಇತು’ಗಳಿಗೆ ಹುಡುಗಿ ಆಕಳಿಸಿದಳು. ನಮ್ಮ ಹಳಬರು ಪ್ರಾಸವನ್ನು ಸಾಲಿನ ಕೊನೆಯಿಂದ ಎತ್ತಿ ಎರಡನೇ ಅಕ್ಷರಕ್ಕೆ ತಂದು ಕೂರಿಸಿದ್ದರಲ್ಲ, ಅದರ ಒಂದು ಜಾಣತನ ಇದೂ ಇರಬೇಕು. ಆದಿಪ್ರಾಸಕ್ಕೆ ವಿಭಕ್ತಿ, ಕ್ರಿಯಾಪದಗಳ ಬಾಲ ಸಾಲದು, ಪದದ ಹೊಟ್ಟೆಯೇ ಹೊಂದಬೇಕು.

ಇನ್ನೊಂದು ತಕರಾರು ಹುಡುಗಿಯಿಂದಲೇ ಬಂತು. ‘ಓಡಿತು ಅಲ್ಲ ತಾತ. ಓಡ್ದ.’ ಹೌದಲ್ಲ. ನಾಯಿ ಬಂತು, ಆದರೆ ಕರಿಯ ಬಂದ. ಹೆಸರು ಇಟ್ಟ ಗಳಿಗೆಯಿಂದ ಅದು ನಪುಂಸಕಲಿಂಗದಿಂದ ಹೊರಗೆ ಬಂದುಬಿಡುತ್ತದೆ. ವ್ಯಾಕರಣದ ಪುಸ್ತಕ ಏನಾದರೂ ಹೇಳಿಕೊಳ್ಳಲಿ. ನನ್ನ ಹೆಂಡತಿ ಮಾತ್ರ ಈಗಲೂ ಎಲ್ಲ ನಾಯಿಗೂ ‘ಬಂತು ನೋಡಿ’ ಅಂತಲೇ ಅನ್ನುತ್ತಾಳೆ. ಅವಳಿಗೆ ನಾಯಿಯೆಂದರೆ ಭಯ.

ಎರಡನೇ ದಿನ ಕರೆಂಟು ಬಿಲ್ಲಿನ ಹಿಂದೆ ‘ಶೆಟ್ಟರಂಗಡಿ ಕರಿಯ ನಾಯಿಯು’ ಅಂತ ಬರೆದು, ಹಳೆ ಅಭ್ಯಾಸ, ಕೈ ತಾನಾಗಿಯೇ ಮೇಲೆ ಲಘು ಗುರು ಹಾಕಿತು. ಶೆಟ್ಟ, ಮೂರು ಮಾತ್ರೆ. ರಂಗಡಿ, ನಾಲ್ಕು. ಕರಿಯ, ಮೂರು. ನಾಯಿಯು, ನಾಲ್ಕು. ಮೂರು ನಾಲ್ಕು ಮೂರು ನಾಲ್ಕು! ಸಾಕ್ಷಾತ್ ಭಾಮಿನಿ ಷಟ್ಪದಿಯ ಒಂದು ಪಾದ. ‘ವೇದಪುರುಷನ ಸುತನ ಸುತನ ಸ’ ಅಂತ ಗದುಗಿನ ನಾರಣಪ್ಪ ನಡೆಸಿದ ಹೆಜ್ಜೆಯಲ್ಲೇ ನಮ್ಮ ಬೀದಿ ನಾಯಿ ನಡೆದುಬಂದಿತ್ತು. ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಗಮಕಿಗಳ ಧಾಟಿಯಲ್ಲಿ ರಾಗವಾಗಿ ಹಾಡಿಯೂ ನೋಡಿದೆ. ಕರಿಯ ಪಟ್ಟದಾನೆಯ ಹಾಗೆ, ಹಿಂದೆ ಮುಂದೆ ಭಟರನ್ನು ಇಟ್ಟುಕೊಂಡು ನಡೆದ. ಹುಡುಗಿ ಬಂದು ಎದುರಿಗೆ ನಿಂತಳು. ‘ತಾತ, ನಾಯಿ ಯಾಕೆ ಇಷ್ಟು ಸ್ಲೋ?’

ಸರಿಯಾದ ಪ್ರಶ್ನೆ. ನಾನು ಆ ಸಾಲನ್ನು ನಮ್ಮೂರಿನವರು ಹೇಳುತ್ತಿದ್ದ ಹಾಗೆ ಹೇಳಿ ನೋಡಿದೆ. ಯಾರೂ ‘ಅಂಗಡಿ’ ಅನ್ನುತ್ತಿರಲಿಲ್ಲ, ‘ಅಂಗ್ಡಿ’ ಅನ್ನುತ್ತಿದ್ದರು. ಶೆಟ್ಟರಂಗ್ಡಿ ಕರಿಯ. ನಡುವಿನ ಒಂದು ಅಕಾರ ನುಂಗಿದರೆ ನಾಲ್ಕು ಮಾತ್ರೆ ಮೂರಾಗುತ್ತದೆ. ಶೆಟ್ಟ, ಮೂರು. ರಂಗ್ಡಿ, ಮೂರು. ಕರಿಯ, ಮೂರು. ಇನ್ನೊಂದು ಮೂರು ಸೇರಿಸಿದರೆ ಭೋಗ ಷಟ್ಪದಿಯ ಪಾದ. ನಾವೆಲ್ಲ ಶಾಲೆಯಲ್ಲಿ ಬೆಂಚು ಕುಟ್ಟುತ್ತ ಹೇಳಿದ ‘ತಿರುಕನೋರ್ವನೂರಮುಂದೆ’ ಇರುವುದು ಇದೇ ನಡೆಯಲ್ಲಿ. ಮೂರು ಮಾತ್ರೆಯ ಈ ನಡೆಗೆ ನಮ್ಮ ಛಂದಸ್ಸು ಇಟ್ಟ ಹೆಸರು ಉತ್ಸಾಹ ಲಯ, ಅದರಲ್ಲಿ ಬರೆದರೆ ಉತ್ಸಾಹ ರಗಳೆ. ಕೆಲಸವಿಲ್ಲದೆ ಊರು ಸುತ್ತುವ ನಾಯಿಯದ್ದೂ ಉತ್ಸಾಹ, ಅದರಿಂದ ಬೀದಿಗೆ ಆಗುವುದೂ ರಗಳೆಯೇ. ಮೂವತ್ತೆರಡು ವರ್ಷ ಹುಡುಗರಿಗೆ ಇದರ ಲಕ್ಷಣ ಬರೆಸಿದ್ದೆ, ನಾಯಿಯ ಉದಾಹರಣೆ ಒಂದು ಕೊಟ್ಟಿದ್ದರೆ ನಾಲ್ಕು ಜನ ಹೆಚ್ಚು ಪಾಸಾಗುತ್ತಿದ್ದರೇನೋ.

ಆ ಅಕಾರವನ್ನು ನಾನು ಕೆಂಪು ಶಾಯಿಯಲ್ಲಿ ಎಷ್ಟು ಸಾವಿರ ಸಲ ಸೇರಿಸಿದ್ದೇನೆ ಅಂತಲೂ ಅನ್ನಿಸಿತು. ‘ಅಂಗ್ಡಿ’ ಅಂತ ಬರೆದ ಹುಡುಗನಿಗೆ ಅರ್ಧ ಅಂಕ ಖೋತಾ. ಗ್ರಂಥಸ್ಥ ಕನ್ನಡದಲ್ಲಿ ನಿಂತಿರುವವರೆಗೂ ಕರಿಯ ಯಾರದೋ ಅರಮನೆ ಕಾಯುವವನ ಹಾಗೆಯೇ ಕಾಣುತ್ತಿದ್ದ. ಬಾಯಿಮಾತಿಗೆ ಇಳಿದ ಮೇಲೆ ಸರಪಳಿ ಬಿಚ್ಚಿದಂತೆ ಓಡಿದ. ರಾತ್ರಿ ಊಟದ ಹೊತ್ತಿಗೆ ಇಷ್ಟು ಆಗಿತ್ತು:

ಶೆಟ್ಟರಂಗ್ಡಿ ಕರಿಯ ಹೊರಟ
ಕಟ್ಟೆ ಇಳಿದು ಬಾಲ ನಿಗುರಿ
ಹಿಟ್ಟು ಗಿರಣಿ ಬೂದ ಬಂದ
ಬಿಟ್ಟು ಬಿಟ್ಟು ಸೀನಿ ಸೀನಿ
ಅಂಚೆಯಣ್ಣ ಮನೆಯ ಕೆಂಚ
ಕಂಚಿನಂಥ ಗಂಟ್ಲು ನೋಡು
ಡಾಕ್ಟ್ರ ಮನೆಯ ರೋಜಿ ಬಂದ್ಲು
ಕಾಲು ನೆಲಕೆ ಸೋಕದಂಗೆ

ಬೂದ ನಿಜವಾಗಿಯೂ ಇತ್ತು. ಅದರ ಬಣ್ಣ ಯಾವುದು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ, ಒಂದು ಮಳೆಗಾಲದಲ್ಲಿ ನೆನೆದು ಬಂದಾಗ ಕಂದು ಅಂತ ತಿಳಿಯಿತು. ರೋಜಿ ಈಗಿನ ನಮ್ಮ ಬೀದಿಯದು, ಚಳಿಗಾಲದಲ್ಲಿ ಸ್ವೆಟರು ಹಾಕುತ್ತದೆ. ಡಾಕ್ಟರಿಗೆ ಆದಿಪ್ರಾಸ ಸಿಗಲಿಲ್ಲ, ಹಾಗೇ ಬಿಟ್ಟಿದ್ದೇನೆ, ಬಲ್ಲವರು ತಿದ್ದಿಕೊಳ್ಳಿ.

‘ಸೀನಿ ಸೀನಿ’ ಬಂದಾಗೆಲ್ಲ ಹುಡುಗಿ ನಿಜವಾಗಿಯೇ ಸೀನತೊಡಗಿದಳು. ಅವಳ ಅಜ್ಜಿ ನೆಗಡಿ ಅಂತ ತಿಳಿದು ವಿಕ್ಸ್ ತಂದಳು.

ಗೇಟಿನ ಆಚೆ

ಆಮೇಲಿನ ದಿನಗಳಲ್ಲಿ ಸಮಸ್ಯೆ ಬಂದದ್ದು ಬೀದಿಯಲ್ಲಿ. ಕುವೆಂಪುನಗರದ ನಮ್ಮ ತಿರುವಿನಲ್ಲಿ ಐದಾರು ನಾಯಿಗಳಿವೆ. ಹುಡುಗಿಯ ಕಣ್ಣಿಗೆ ಪುಸ್ತಕ ಜೀವ ತಳೆದು ನಿಂತಂತಾಯಿತು. ಆಕ್ಲೆಂಡಿನಲ್ಲಿ ಅವಳು ನಾಯಿಗಳನ್ನು ನೋಡಿರುವುದೆಲ್ಲ ಬೆಲ್ಟಿನ ತುದಿಯಲ್ಲಿ. ಅಲ್ಲಿ 1996ರ ನಾಯಿ ನಿಯಂತ್ರಣ ಕಾಯಿದೆ ಇದೆ, ಪ್ರತಿ ನಾಯಿಗೂ ನೋಂದಣಿ, 2006ರಿಂದ ಈಚೆಗೆ ಹೊಸದಾಗಿ ನೋಂದಾಯಿಸುವ ನಾಯಿಗಳಿಗೆ ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್. ನಾಯಿಯೊಂದು ತಾನೇ ಗೇಟು ದಾಟಿ ಗೆಳೆಯರನ್ನು ಕೂಡಿಸಿಕೊಂಡು ಪೇಟೆ ಸುತ್ತಲು ಹೊರಟರೆ ಅರ್ಧ ಗಂಟೆಯಲ್ಲಿ ಯಾರಾದರೂ ಕೌನ್ಸಿಲಿಗೆ ಫೋನು ಮಾಡುತ್ತಾರೆ ಅಂದಳು ಮಗಳು. ಅಂದರೆ ಆ ದೇಶ ಅಷ್ಟು ಪ್ರೀತಿಯಿಂದ ಕಂಚಿನಲ್ಲಿ ಎರಕ ಹೊಯ್ದ ನಾಯಿ ಇವತ್ತು ಅಲ್ಲಿ ಬೀದಿಗಿಳಿದರೆ ದಂಡ ಕಟ್ಟಬೇಕು. ಆ ಪುಸ್ತಕದ ಬದುಕು ಬದುಕುತ್ತಿರುವ ನಾಯಿಗಳು ಇರುವುದು ಮೈಸೂರಿನಲ್ಲಿ. ಅವುಗಳ ಮೇಲೆ ನಾವು ಚಿತ್ರಪುಸ್ತಕ ಬರೆಯುವುದಿಲ್ಲ, ಪತ್ರಿಕೆಗೆ ದೂರು ಬರೆಯುತ್ತೇವೆ.

ದೂರು ಸುಳ್ಳೇನಲ್ಲ. ರೇಬಿಸ್ ಇರುವ ಊರಿನಲ್ಲಿ ನಾಲ್ಕೂವರೆ ವರ್ಷದ ಮಗುವಿಗೆ ‘ಹೋಗಿ ಮುಟ್ಟು’ ಅಂತ ನಾನು ಹೇಳಲಾರೆ. ಒಂದು ಸಂಜೆ ಅವಳು ಕೈ ಚಾಚಿದಾಗ ನಾನು ಅವಳ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದು ಎಳೆದೆನೆಂದರೆ ಅವಳಿಗೆ ಅಳು ಬಂತು. ಅದೇ ಬೆಳಿಗ್ಗೆ ಅವಳಿಗೆ ಬಾಲ ನಿಗುರಿದ ಕರಿಯನ ಪದ್ಯ ಹತ್ತು ಸಲ ಹೇಳಿದ್ದವನು ನಾನೇ. ಅವಳು ಅಳು ನಿಲ್ಲಿಸಿ, ದೂರದಿಂದಲೇ ನೋಡುತ್ತ, ‘ಅವನ ಕಿವಿ ಯಾಕೆ ಕಟ್ಟಾಗಿದೆ?’ ಅಂದಳು. ಕಿವಿಯಂಚಿನಲ್ಲಿ ಸಣ್ಣ ಕಚ್ಚು. ಆಪರೇಷನ್ ಮಾಡಿ ಬಿಟ್ಟ ನಾಯಿಗೆ ಗುರುತು ಅದು, ಮತ್ತೆ ಹಿಡಿಯದಿರಲಿ ಅಂತ. ನಾಯಿಗಳ ಸಂತಾನ ನಿಯಂತ್ರಣದ 2001ರ ನಿಯಮಗಳು ಬರುವ ಮೊದಲು ಅನೇಕ ಊರುಗಳಲ್ಲಿ ಹಿಡಿದು ಕೊಲ್ಲುತ್ತಿದ್ದರು, ಈಗ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ತಂದು ಬಿಡಬೇಕು ಅಂತ ಕಾನೂನು. ಇಷ್ಟನ್ನು ಮಗುವಿಗೆ ಹೇಗೆ ಹೇಳುವುದು? ‘ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ದಾರೆ ಅನ್ನೋದಕ್ಕೆ ಗುರುತು ಪುಟ್ಟಿ’ ಅಂದೆ. ಅವಳು ತನ್ನ ಕಿವಿ ಮುಟ್ಟಿ ನೋಡಿಕೊಂಡಳು.

ಆ ರಾತ್ರಿ ಪದ್ಯಕ್ಕೆ ಬೆಕ್ಕು ಬರಬೇಕಿತ್ತು. ‘ಹರಿದ ಕಿವಿಯ ಗಡವ ಬೆಕ್ಕು’ ಅಂತ ನಾನು ಸಾಲು ಸಿದ್ಧ ಮಾಡಿಟ್ಟಿದ್ದೆ, ಮಾತ್ರೆಯೂ ಸರಿಯಾಗಿ ಕೂತಿತ್ತು. ಹುಡುಗಿ ಒಪ್ಪಲಿಲ್ಲ. ಕಿವಿ ಹರಿದಿದ್ದರೆ ಅದಕ್ಕೆ ಇಂಜೆಕ್ಷನ್ ಆಗಿದೆ, ಇಂಜೆಕ್ಷನ್ ಆಗಿದ್ದರೆ ಅದು ಒಳ್ಳೆಯದು, ಒಳ್ಳೆಯದಾದರೆ ನಾಯಿಗಳು ಯಾಕೆ ಓಡಬೇಕು? ತರ್ಕದಲ್ಲಿ ಲೋಪವಿರಲಿಲ್ಲ. ಬೆಕ್ಕಿನ ಕಿವಿ ರಿಪೇರಿ ಮಾಡಿ ಮೀಸೆ ಕೊಟ್ಟೆವು.

ಎಲ್ಲ ದಿಕ್ಕಾಪಾಲು ಓಡಿದ ಮೇಲೆ ಕರಿಯ ಎಲ್ಲಿಗೆ ಹೋದ? ನಾನು ಸಿಕ್ಕಿಬಿದ್ದದ್ದು ಇಲ್ಲಿ. ಪುಸ್ತಕದ ನಾಯಿಗೆ ಮನೆ ಇದೆ, ಹಾಸಿಗೆ ಇದೆ. ಓಡಿದ್ದಕ್ಕೆ ಅರ್ಥ ಬರುವುದೇ ಆ ಹಾಸಿಗೆಯಿಂದ. ಶೆಟ್ಟರ ಅಂಗಡಿ ಕರಿಯನಿಗೆ ಇದ್ದದ್ದು ಗೋಣಿಚೀಲ. ನಾನು ಹೈಸ್ಕೂಲಿಗೆ ಹಾಸನಕ್ಕೆ ಹೋಗಿ, ಮೊದಲ ದಸರಾ ರಜೆಗೆ ಊರಿಗೆ ಬಂದಾಗ ಬೆಲ್ಲದ ಮಂಕರಿಯ ಪಕ್ಕ ಆ ಚೀಲ ಇರಲಿಲ್ಲ. ಅಲ್ಲೊಂದು ಸೀಮೆಎಣ್ಣೆ ಡ್ರಮ್ಮು ಬಂದಿತ್ತು. ನಾನು ಶೆಟ್ಟರನ್ನು ಕೇಳಲಿಲ್ಲ. ಹೈಸ್ಕೂಲಿಗೆ ಹೋಗುವ ಹುಡುಗ ಬೀದಿ ನಾಯಿಯ ಯೋಗಕ್ಷೇಮ ವಿಚಾರಿಸುವುದುಂಟೇ? ‘ನಮ್ದಲ್ಲ ಕಣಪ್ಪ’ ಅಂತ ಅವರು ಮತ್ತೆ ಅಂದುಬಿಟ್ಟರೆ ಅನ್ನುವ ಹೆದರಿಕೆಯೂ ಇದ್ದಿರಬಹುದು. ಹುಡುಗಿಗೆ ‘ನಾಳೆ ಹೇಳ್ತೀನಿ’ ಅಂದೆ. ನಾಳೆಗಳು ಕಳೆದು ಅವರು ಹೊರಡುವ ದಿನ ಬಂತು. ಬೆಂಗಳೂರಿನ ವಿಮಾನನಿಲ್ದಾಣದ ಟ್ಯಾಕ್ಸಿ ಹತ್ತುವಾಗಲೂ ಅವಳು ಕೇಳಿದಳು, ನಾನು ಫೋನಿನಲ್ಲಿ ಹೇಳುತ್ತೇನೆ ಅಂದೆ.

ಫೆಬ್ರವರಿ ತಿಂಗಳೆಲ್ಲ ಒಂದು ಸಾಲಿಗಾಗಿ ಒದ್ದಾಡಿದೆ. ಗೋಣಿಚೀಲ ಮಾತ್ರೆಗೆ ಸರಿಹೋಗುತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಅವನಿಗೊಂದು ಮನೆ ಕಟ್ಟಿಕೊಟ್ಟರೆ ಅವನು ಶೆಟ್ಟರಂಗ್ಡಿ ಕರಿಯ ಆಗಿ ಉಳಿಯುತ್ತಿರಲಿಲ್ಲ. ಕೊನೆಗೆ ಹೋದ ವಾರ ಬೆಳಿಗ್ಗೆ ಅಲ್ಲಿಂದಲೇ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಪಾತ್ರೆ ಸದ್ದು, ಮಗಳು ಯಾರಿಗೋ ಬೇಗ ಬೇಗ ಅನ್ನುತ್ತಿದ್ದಾಳೆ. ಹುಡುಗಿ ಶೆಟ್ಟರಂಗ್ಡಿಯಿಂದ ಶುರುಮಾಡಿ, ಬೂದನ ಹತ್ತಿರ ತಪ್ಪದೆ ಸೀನಿ, ರೋಜಿಯನ್ನು ದಾಟಿ, ಮೀಸೆಯ ಬೆಕ್ಕನ್ನು ಅರಚಿಸಿ, ನಾನು ಬಿಟ್ಟ ಜಾಗಕ್ಕೆ ಬಂದು ನಿಲ್ಲದೆ ಮುಂದಕ್ಕೆ ಹೋದಳು:

ಕರಿಯ ಡೇರಿ ಒಳಗೆ ಮಲ್ಗ್ದ

ನಾಲ್ಕು ಸಲ ಕೇಳಿದೆ. ಹೆಂಡತಿಯನ್ನು ಕರೆದು ಕೇಳಿಸಿದೆ. ಆಮೇಲೆ ಪೆನ್ಸಿಲು ತೆಗೆದುಕೊಂಡೆ. ಕರಿಯ, ಮೂರು. ಡೇರಿ, ಮೂರು. ಒಳಗೆ, ಮೂರು. ‘ಮಲಗಿದ’ ಅಂತ ಬರೆದರೆ ನಾಲ್ಕಾಗುತ್ತದೆ. ಅವಳು ಅಂದದ್ದು ‘ಮಲ್ಗ್ದ’. ಮೂರು.